ಬೆಳೆಯುವ ಕಣ್ಣಿಗೆ ಬೆಳೆಯದ ಮಸೂರ

ಈಗಷ್ಟೇ ಹುಟ್ಟಿದ ಕೂಸಿನ ಕಣ್ಣುಗುಡ್ಡೆಯನ್ನು ಮುಂದಿನಿಂದ ಹಿಂದಕ್ಕೆ ಅಳೆದರೆ ಸುಮಾರು 17 ಮಿಲಿಮೀಟರ್ ಬರುತ್ತದೆ. ಬೆಳೆದವರದು 23ರಿಂದ 24. ಈ ಆರೇಳು ಮಿಲಿಮೀಟರಿನ ಬಹುಪಾಲು ಮೊದಲ ಎರಡು ವರ್ಷಗಳಲ್ಲೇ ಬೆಳೆದುಬಿಡುತ್ತದೆ. ಕಣ್ಣು ಉದ್ದವಾದ ಹಾಗೆಲ್ಲ ಒಳಗಿನ ಸಹಜ ಮಸೂರ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಳ್ಳುತ್ತ ಬರುತ್ತದೆ. ಹುಟ್ಟಿದಾಗ 34 ಡಯಾಪ್ಟರಿನಷ್ಟು ಇದ್ದದ್ದು ದೊಡ್ಡವರಾಗುವ ಹೊತ್ತಿಗೆ 20ರ ಆಸುಪಾಸಿಗೆ ಇಳಿದಿರುತ್ತದೆ. ಪ್ಲಾಸ್ಟಿಕ್ಕಿನ ಮಸೂರಕ್ಕೆ ಈ ಹೊಂದಾಣಿಕೆ ಬಾರದು. ಇಟ್ಟ ದಿನ ಎಷ್ಟು ಶಕ್ತಿಯಿತ್ತೋ ಅರವತ್ತು ವರ್ಷದ ಮೇಲೂ ಅಷ್ಟೇ. ಪೊರೆ ಬಂದ ಎಳೆಮಗುವಿನ ಕಣ್ಣಿನಲ್ಲಿ ಕೃತಕ ಮಸೂರ ಇಡಬಹುದೇ ಎಂಬ ಪ್ರಶ್ನೆಯ ಸುತ್ತ ನೇತ್ರವೈದ್ಯರು ಏಳು ದಶಕ ವಾದಿಸಿದ್ದಾರೆ. ಆ ವಾದವನ್ನು ಸಾಮಾನ್ಯವಾಗಿ ಮಸೂರದ ವಿಜಯಯಾತ್ರೆಯಂತೆ ಹೇಳುವುದುಂಟು: ಮೊದಲು ಹೆದರಿದರು, ಆಮೇಲೆ ಧೈರ್ಯ ಮಾಡಿದರು, ಕೊನೆಗೆ ಗೆದ್ದರು. ದಾಖಲೆಗಳು ಹೇಳುವ ಕಥೆ ಬೇರೆ ಎಂದೇ ನನಗೆ ತೋರುತ್ತದೆ. ಹಸುಗೂಸುಗಳಿಗೆ ನೋಟ ದಕ್ಕಿಸಿಕೊಟ್ಟದ್ದರಲ್ಲಿ ಮಸೂರದ ಪಾಲು ಕಡಿಮೆ. ಹೆಚ್ಚಿನ ಪಾಲು ಕಾಲದ್ದು, ಅಂದರೆ ಪೊರೆಯನ್ನು ಎಷ್ಟು ಬೇಗ ಕಂಡರು, ತೆಗೆದ ಮೇಲೆ ಎಷ್ಟು ವರ್ಷ ಆ ಕಣ್ಣಿನ ಬೆನ್ನು ಹತ್ತಿದರು ಎಂಬುದರದ್ದು.

ಮಕ್ಕಳ ಪೊರೆಯ ಚಿಕಿತ್ಸೆ ಮಸೂರಕ್ಕಿಂತ ಬಹಳ ಹಳೆಯದು. 1728ರಲ್ಲಿ ಲಂಡನ್ನಿನ ವಿಲಿಯಂ ಚೆಸೆಲ್ಡನ್, ನೆನಪು ಮೂಡುವ ಮೊದಲೇ ಕುರುಡಾಗಿದ್ದ ಹದಿಮೂರು-ಹದಿನಾಲ್ಕರ ಹುಡುಗನೊಬ್ಬನ ಪೊರೆ ಸರಿಸಿದ ವೃತ್ತಾಂತವನ್ನು ಪ್ರಕಟಿಸಿದ. ಬೆಳಕು ಕಣ್ಣಿನೊಳಗೆ ಬಂದರೂ ಆ ಹುಡುಗನಿಗೆ ದೂರ-ಹತ್ತಿರ ತಿಳಿಯಲಿಲ್ಲ. ಕಂಡದ್ದೆಲ್ಲ ಕಣ್ಣನ್ನೇ ಮುಟ್ಟುತ್ತಿರುವಂತೆ ಅವನಿಗೆ ಅನಿಸುತ್ತಿತ್ತು. ತತ್ವಶಾಸ್ತ್ರಜ್ಞರು ಈ ಪ್ರಸಂಗವನ್ನು ನೂರು ವರ್ಷ ಚರ್ಚಿಸಿದರು. ವೈದ್ಯರು ಅದರಿಂದ ಕಲಿಯಬೇಕಾದದ್ದನ್ನು ಕಲಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 1805ರಲ್ಲಿ ಲಂಡನ್ನಿನಲ್ಲಿ ಕಣ್ಣಿನ ಔಷಧಾಲಯ ತೆರೆದ ಜಾನ್ ಕನಿಂಗ್‌ಹ್ಯಾಮ್ ಸಾಂಡರ್ಸ್ (ಮುಂದೆ ಮೂರ್‌ಫೀಲ್ಡ್ಸ್ ಆಸ್ಪತ್ರೆಯಾದದ್ದು ಅದೇ) ಪುಟ್ಟ ಮಕ್ಕಳ ಪೊರೆಗೆ ವಿಶೇಷ ಗಮನ ಕೊಟ್ಟ. ಅರಿವಳಿಕೆ ಇನ್ನೂ ಬಂದಿರದ ಕಾಲ. ಬೆಲಡೊನ್ನಾ ಹಾಕಿ ಪಾಪೆ ಅಗಲಿಸಿ, ಮಗುವನ್ನು ಅಲುಗಾಡದಂತೆ ಹಿಡಿಸಿ, ಸೂಜಿಯಿಂದ ಮಸೂರದ ಚೀಲವನ್ನು ಹರಿಯಬೇಕಿತ್ತು. ಮುದುಕರ ಮಸೂರ ಗಟ್ಟಿ, ಮಕ್ಕಳದು ಮೆತ್ತಗೆ. ಚೀಲ ಹರಿದರೆ ಒಳಗಿನದು ಕಣ್ಣಿನ ನೀರಿನಲ್ಲೇ ವಾರಗಟ್ಟಲೆ ಕರಗಿ ಹೋಗುತ್ತಿತ್ತು. ಒಮ್ಮೆಗೆ ಆಗದಿದ್ದರೆ ಮತ್ತೆ ಸೂಜಿ, ಮತ್ತೆ ಕಾಯುವುದು. ಈ ಪದ್ಧತಿ, ಸಣ್ಣಪುಟ್ಟ ಬದಲಾವಣೆಗಳೊಂದಿಗೆ, ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ನಡೆಯಿತು. ಪೊರೆ ಹೋಗುತ್ತಿತ್ತು, ಅದರೊಂದಿಗೆ ಮಸೂರವೂ ಹೋಗುತ್ತಿತ್ತು. ಅದರ ಜಾಗಕ್ಕೆ ಬರುತ್ತಿದ್ದದ್ದು ನಮ್ಮಲ್ಲಿ ಸೋಡಾಬುಡ್ಡಿ ಎಂದು ಕರೆಯುವ ದಪ್ಪ ಗಾಜಿನ ಕನ್ನಡಕ.

ಎರಡೂ ಕಣ್ಣಿನ ಪೊರೆ ತೆಗೆದ ಮಗುವಿಗೆ ಆ ಕನ್ನಡಕ ಹೇಗೋ ನಡೆಯುತ್ತಿತ್ತು. ಒಂದೇ ಕಣ್ಣಿನಲ್ಲಿ ಪೊರೆ ಇದ್ದ ಮಗುವಿಗೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ದಪ್ಪ ಗಾಜು ಚಿತ್ರವನ್ನು ಹಿಗ್ಗಿಸುತ್ತದೆ; ಒಂದು ಕಣ್ಣು ತೋರಿಸುವ ದೊಡ್ಡ ಚಿತ್ರವನ್ನೂ ಇನ್ನೊಂದು ತೋರಿಸುವ ಸಹಜ ಚಿತ್ರವನ್ನೂ ಮಿದುಳು ಒಂದಾಗಿಸಲಾರದು. ಹಾಗಾಗಿ ಕೃತಕ ಮಸೂರದ ಆಸೆ ಮೊದಲು ಹುಟ್ಟಿದ್ದು ಈ ಒಂಟಿಕಣ್ಣಿನ ಪೊರೆಯ ಮಕ್ಕಳಿಗಾಗಿಯೇ. ಆದರೆ ಮಸೂರ ತಯಾರಾದದ್ದು ಅವರಿಗಾಗಿ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ಟುಗಳ ಕಣ್ಣಿಗೆ ವಿಮಾನದ ಮೇಲ್ಹೊದಿಕೆಯ ಅಕ್ರಿಲಿಕ್ ಚೂರುಗಳು ಹೊಕ್ಕಿದ್ದವು. ಆ ಚೂರುಗಳು ಕಣ್ಣಿನೊಳಗೆ ಉರಿಯೂತ ತರದೆ ಸುಮ್ಮನೆ ಕೂತಿದ್ದದ್ದನ್ನು ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದ. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿಸಿದ ಮಸೂರವನ್ನು ವಯಸ್ಕ ಮಹಿಳೆಯೊಬ್ಬಳ ಕಣ್ಣಿನಲ್ಲಿ ಕೂರಿಸಿದ. ಕಣ್ಣಿನಿಂದ ಹೊರಗಿನ ವಸ್ತುವನ್ನು ತೆಗೆಯುವುದೇ ಧರ್ಮ ಎಂದು ಕಲಿತಿದ್ದ ಸಹೋದ್ಯೋಗಿಗಳು ಕೆರಳಿದರು. ಅವರ ಸಿಟ್ಟಿಗೆ ಆಧಾರವೇ ಇರಲಿಲ್ಲ ಎನ್ನುವುದು ನ್ಯಾಯವಲ್ಲ. ಮೊದಲ ಮಸೂರಗಳು ದಪ್ಪ, ಭಾರ. ಕೆಲವು ಜಾರಿ ಕಣ್ಣಿನ ಹಿಂಭಾಗಕ್ಕೆ ಬಿದ್ದವು, ಕೆಲವು ಕಣ್ಣಿನ ಒತ್ತಡ ಏರಿಸಿದವು. ರಿಡ್ಲಿಗೆ ಸಂದ ದೊಡ್ಡ ಗೌರವಗಳು ತಡವಾಗಿ ಬಂದವು. ಸರ್ ಪದವಿ ಸಿಕ್ಕಿದ್ದು 2000ದಲ್ಲಿ, ಸಾಯುವ ಹಿಂದಿನ ವರ್ಷ.

ಐವತ್ತರ ದಶಕ ಮುಗಿಯುವುದರೊಳಗೆ ಮಸೂರ ಮಕ್ಕಳ ಕಣ್ಣಿಗೂ ಬಂತು. ಇಂಗ್ಲೆಂಡಿನ ಪೀಟರ್ ಚಾಯ್ಸ್ ಪಾಪೆಯ ಮುಂದೆ ಕೂರುವ ಮಸೂರಗಳನ್ನು ಬಳಸಿದ. ನೆದರ್ಲೆಂಡಿನ ಕಾರ್ನೀಲಿಯಸ್ ಬಿಂಕ್‌ಹಾರ್ಸ್ಟ್ ಪಾಪೆಯ ಅಂಚಿಗೆ ಕೊಂಡಿಯಂತೆ ಸಿಕ್ಕಿಸುವ ಮಸೂರ ರೂಪಿಸಿ, ಮುಖ್ಯವಾಗಿ ಪೆಟ್ಟುಬಿದ್ದು ಪೊರೆ ಬಂದ ಮಕ್ಕಳಿಗೆ ಹಾಕಿದ. ಈ ಆಯ್ಕೆಯಲ್ಲಿ ಒಂದು ವಿವೇಕವಿತ್ತು. ನಮ್ಮ ಊರುಗಳಲ್ಲಿ ಚಿನ್ನಿದಾಂಡು, ಬಿಲ್ಲುಬಾಣ, ಪಟಾಕಿಗಳಿಂದ ಕಣ್ಣು ಕೆಡಿಸಿಕೊಳ್ಳುವ ಮಕ್ಕಳಂತೆಯೇ ಅವರೂ ನಾಲ್ಕಾರು ವರ್ಷ ಚೆನ್ನಾಗಿ ನೋಡಿದ್ದವರು. ಮಿದುಳು ಆಗಲೇ ನೋಟ ಕಲಿತಿರುತ್ತದೆ, ಕಣ್ಣೂ ಬಹುಮಟ್ಟಿಗೆ ಬೆಳೆದಿರುತ್ತದೆ; ಮಧ್ಯೆ ಬಂದ ಅಡ್ಡಿಯನ್ನು ತೆಗೆದರೆ ಸಾಕು. ಹುಟ್ಟಿನಿಂದಲೇ ಪೊರೆ ಇದ್ದ ಕೂಸುಗಳ ವಿಷಯದಲ್ಲಿ ಇವೆರಡೂ ಇಲ್ಲ. ಅಲ್ಲಿ ಪೊರೆಯನ್ನು ಎಷ್ಟೇ ಚೆನ್ನಾಗಿ ತೆಗೆದರೂ ಕಣ್ಣು ಕಾಣುತ್ತಿರಲಿಲ್ಲ. ವಾಷಿಂಗ್ಟನ್ನಿನ ಫ್ರಾಂಕ್ ಕಾಸ್ಟೆನ್‌ಬೇಡರ್ ಮಕ್ಕಳ ಕಣ್ಣಿನ ಚಿಕಿತ್ಸೆಯನ್ನೇ ಬದುಕಾಗಿಸಿಕೊಂಡಿದ್ದವರು. ಅವರು 1957ರಲ್ಲಿ ಸಹಲೇಖಕರೊಬ್ಬರ ಜೊತೆ ಬರೆದ ಪ್ರಬಂಧ, ಹುಟ್ಟುಪೊರೆಯ ವಿಷಯದಲ್ಲಿ ಕೈ ಬಿಗಿಹಿಡಿಯಿರಿ ಎಂಬ ನಿಲುವನ್ನು ಶೀರ್ಷಿಕೆಯಲ್ಲೇ ಸಾರುತ್ತಿತ್ತು. ಮಕ್ಕಳನ್ನು ಹತ್ತಿರದಿಂದ ಕಂಡವರೊಬ್ಬರು ಹಾಗೆ ಬರೆದರೆಂದರೆ, ಆ ಕಾಲದ ಫಲಿತಾಂಶ ಎಷ್ಟು ನಿರಾಸೆ ತರಿಸುವಂತಿತ್ತು ಎಂದು ಊಹಿಸಬಹುದು.

ಗಂಟು ಬಿಚ್ಚಿದ್ದು ಶಸ್ತ್ರಚಿಕಿತ್ಸಕರಲ್ಲ. ಹಾರ್ವರ್ಡಿನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಮೊದಲ ಕೆಲವು ತಿಂಗಳು ಕಳೆದ ಮೇಲೆ ಬಿಚ್ಚಿದರು. ಕಣ್ಣು ಆರೋಗ್ಯವಾಗಿಯೇ ಇತ್ತು. ಮಿದುಳಿನಲ್ಲಿ ಆ ಕಣ್ಣಿನ ಕರೆಗೆ ಓಗೊಡುವ ಜೀವಕೋಶಗಳೇ ಹೆಚ್ಚುಕಡಿಮೆ ಇರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆಯೇ ಮಾಡಿದರೆ ಏನೂ ಆಗುತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ, 1981ರ ನೊಬೆಲ್‌ಗೆ ದಾರಿಯಾದ ಈ ಕೆಲಸಕ್ಕೆ ಹುಟ್ಟುಪೊರೆಯ ಮಕ್ಕಳ ಅನುಭವವೇ ಪ್ರೇರಣೆಯಾಗಿತ್ತು. ಮಸುಕಾದ ಕಣ್ಣಿನಿಂದ ಸುದ್ದಿ ಬಾರದಿದ್ದರೆ ಮಿದುಳು ಆ ಜಾಗವನ್ನು ಇನ್ನೊಂದು ಕಣ್ಣಿಗೆ ಬಿಟ್ಟುಕೊಡುತ್ತದೆ. ನಾವು ಸೋಮಾರಿ ಕಣ್ಣು ಎನ್ನುವುದು ಇದನ್ನೇ. ಹಾಗಾದರೆ ಹಿಂದಿನವರ ಸೋಲು ಕತ್ತರಿಯದೂ ಅಲ್ಲ, ಕನ್ನಡಕದ್ದೂ ಅಲ್ಲ, ತಡವಾದದ್ದರದ್ದು. ಎಂಬತ್ತರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರೆಗ್ ಹಾಯ್ಟ್ ಮತ್ತು ಜೊತೆಗಾರರು, ಹುಟ್ಟಿದ ಕೆಲವೇ ವಾರಗಳಲ್ಲಿ ಪೊರೆ ತೆಗೆದು, ಕಾಂಟ್ಯಾಕ್ಟ್ ಲೆನ್ಸ್ ಹಾಕಿ, ಚೆನ್ನಾಗಿರುವ ಕಣ್ಣನ್ನು ದಿನವೂ ಪಟ್ಟಿಯಿಂದ ಮುಚ್ಚಿದರೆ ಒಂಟಿಕಣ್ಣಿನ ಹುಟ್ಟುಪೊರೆಯ ಕೂಸುಗಳೂ ಚೆನ್ನಾಗಿ ನೋಡಬಲ್ಲವು ಎಂದು ತೋರಿಸಿದರು. 1996ರಲ್ಲಿ ಡಲ್ಲಾಸಿನ ಐಲೀನ್ ಬರ್ಚ್ ಮತ್ತು ಡೇವಿಡ್ ಸ್ಟೇಜರ್ ಪೊರೆ ತೆಗೆಯುವ ಗಡುವನ್ನು ಮೊದಲ ಆರು ವಾರಗಳೆಂದು ಗುರುತಿಸಿದರು. ಗಮನಿಸಬೇಕಾದದ್ದು ಇದು: ಕೈ ಬಿಟ್ಟಿದ್ದ ಮಕ್ಕಳಿಗೆ ಮೊದಲ ಬಾರಿ ನೋಟ ಬಂದಾಗ ಅವರ ಕಣ್ಣಿನೊಳಗೆ ಯಾವ ಮಸೂರವೂ ಇರಲಿಲ್ಲ.

ಎರಡನೆಯ ತೊಡಕು ಚೀಲದ್ದು. ದೊಡ್ಡವರಲ್ಲಿ ಪೊರೆ ತೆಗೆದ ಮೇಲೆ ಉಳಿಯುವ ಹಿಂಭಾಗದ ತೆಳುಪೊರೆ ಮಸೂರಕ್ಕೆ ಆಸರೆ. ಮುಂದೆಂದೋ ಮಬ್ಬಾದರೆ ಕೂತಲ್ಲೇ ಲೇಸರಿನಿಂದ ತೂತು ಮಾಡಿಬಿಡಬಹುದು. ಎಳೆಮಕ್ಕಳಲ್ಲಿ ಅದು ಮಬ್ಬಾಗದೆ ಇರುವುದೇ ಇಲ್ಲ ಎನ್ನಬೇಕು, ಅದೂ ಕೆಲವೇ ವಾರ-ತಿಂಗಳುಗಳಲ್ಲಿ. ಉಳಿದ ಜೀವಕೋಶಗಳು ಎಳೆಯ ಕಣ್ಣಿನಲ್ಲಿ ಅಷ್ಟು ಚುರುಕಾಗಿ ಹಬ್ಬುತ್ತವೆ. ಲೇಸರ್ ಯಂತ್ರದ ಮುಂದೆ ಗಲ್ಲ ಊರಿ ಕೂರುವ ವಯಸ್ಸೂ ಅಲ್ಲ. ಎಪ್ಪತ್ತರ ದಶಕದಲ್ಲಿ ನೇತ್ರವೈದ್ಯ ರಾಬರ್ಟ್ ಮಾಕೆಮರ್ ಕಣ್ಣಿನ ಹಿಂಭಾಗದ ಲೋಳೆಯನ್ನು ಕತ್ತರಿಸಿ ಹೀರುವ ಉಪಕರಣ ತಂದಿದ್ದ. ಅದನ್ನು ಮಕ್ಕಳಿಗೆ ಹೊಂದಿಸಿ, ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಹಿಂಭಾಗದ ತೆಳುಪೊರೆಯ ನಡುಭಾಗವನ್ನೂ ಅದರ ಹಿಂದಿನ ಲೋಳೆಯನ್ನೂ ತೆಗೆದುಬಿಡಬೇಕೆಂದು ಮಕ್ಕಳ ನೇತ್ರವೈದ್ಯ ಮಾರ್ಷಲ್ ಪಾರ್ಕ್ಸ್ 1983ರಲ್ಲಿ ಬರೆದರು. ನನ್ನ ಲೆಕ್ಕದಲ್ಲಿ ಮಕ್ಕಳ ಪೊರೆಯ ಶಸ್ತ್ರಚಿಕಿತ್ಸೆ ದೊಡ್ಡವರದರಿಂದ ಬೇರೆಯಾಗಿ ಸ್ವತಂತ್ರ ವಿದ್ಯೆಯಾದದ್ದು ಇಲ್ಲಿ. ಪಿಟ್ಸ್‌ಬರ್ಗಿನ ಡೇವಿಡ್ ಹೈಲ್ಸ್ 1974ರಿಂದ ಮಕ್ಕಳಿಗೆ ಮಸೂರ ಹಾಕುತ್ತ ಬಂದಿದ್ದರೂ, ಆ ಪದ್ಧತಿ ವ್ಯಾಪಕವಾಗಿ ನೆಲೆಗೊಂಡದ್ದು ಚೀಲದ ಸಮಸ್ಯೆ ಹಿಡಿತಕ್ಕೆ ಬಂದು, ಚೀಲದೊಳಗೇ ಕೂರುವ ಮಡಚುವ ಅಕ್ರಿಲಿಕ್ ಮಸೂರಗಳು ತೊಂಬತ್ತರ ದಶಕದಲ್ಲಿ ಸಿಕ್ಕ ಮೇಲೆಯೇ. ಬೆಳೆಯುವ ಕಣ್ಣಿಗೆ ಲೆಕ್ಕ ಹಾಕುವ ಕ್ರಮವೂ ಆಗಲೇ ರೂಢಿಗೆ ಬಂತು. ಎರಡು ವರ್ಷದೊಳಗಿನ ಮಗುವಿಗೆ ಬೇಕಾದ ಶಕ್ತಿಗಿಂತ ಐದನೆಯ ಒಂದು ಪಾಲು ಕಡಿಮೆ ಮಾಡಿ ಮಸೂರ ಹಾಕಿ ಎಂದು ದಕ್ಷಿಣ ಆಫ್ರಿಕಾದ ಎಲಿ ದಹಾನ್ 1997ರಲ್ಲಿ ಸೂಚಿಸಿದರು. ಅಂದರೆ ಕೂಸು ಇಂದು ಮಸೂರದ ಮೇಲೆ ಕನ್ನಡಕವನ್ನೂ ಹಾಕಿಕೊಳ್ಳಬೇಕು, ದೊಡ್ಡದಾದಾಗ ಅದು ಸರಿಹೋಗಲಿ ಎಂದು. ಮೈಗಿಂತ ದೊಡ್ಡ ಅಂಗಿ ಹೊಲಿಸುವ ಲೆಕ್ಕಾಚಾರ ಇದು, ಮಗು ಎಷ್ಟು ಬೆಳೆದೀತೆಂದು ದರ್ಜಿಗೂ ಗೊತ್ತಿಲ್ಲದ ಹೊಲಿಗೆ.

ಭಾರತದಲ್ಲಿ ಈ ಇತಿಹಾಸ ಬೇರೆ ಹಾದಿಯಲ್ಲಿ ಬಂತು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರಂಥವರು ಶಾಲೆ, ಛತ್ರಗಳಲ್ಲಿ ಶಿಬಿರ ಕಟ್ಟಿ ಲಕ್ಷಾಂತರ ಜನರ ಪೊರೆ ತೆಗೆದ ಕಾಲದಲ್ಲಿ ಮಸೂರವನ್ನು ಚೀಲದ ಸಮೇತ ಹೊರತೆಗೆದು ಕನ್ನಡಕ ಕೊಡುವುದೇ ರೂಢಿ. ಬಡವರ ಮನೆಬಾಗಿಲಿಗೆ ಬೆಳಕು ಒಯ್ದ ಆ ಸೇವೆಗೆ ಸಾಟಿಯಿಲ್ಲ. ಆದರೆ ಆ ಪದ್ಧತಿ ಮಕ್ಕಳಿಗೆ ಒಗ್ಗುವಂಥದ್ದಲ್ಲ. ಎಳೆಯ ಕಣ್ಣಿನಲ್ಲಿ ಚೀಲವೂ ಹಿಂದಿನ ಲೋಳೆಯೂ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ. ಜೊತೆಗೆ ಮಗುವಿಗೆ ಪೂರ್ಣ ಅರಿವಳಿಕೆ ಬೇಕು, ಅದಕ್ಕೆ ತಕ್ಕ ತಜ್ಞರು ಬೇಕು, ವರ್ಷಾನುಗಟ್ಟಲೆ ತಪಾಸಣೆ ಬೇಕು. ಮೂರು ದಿನದ ಶಿಬಿರಕ್ಕೆ ಇದು ಸಿಗದ ಮಾತು. ಮಸೂರದ ಬೆಲೆಯೂ ಅಡ್ಡ ಬಂದಿತ್ತು. ವಿದೇಶದಿಂದ ಬರುತ್ತಿದ್ದ ಮಸೂರಕ್ಕೆ ನೂರು ಡಾಲರಿಗೂ ಹೆಚ್ಚು ಬೀಳುತ್ತಿದ್ದ ಕಾಲದಲ್ಲಿ, ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗ 1992ರಲ್ಲಿ ಆರೋಲ್ಯಾಬ್ ಆರಂಭಿಸಿ ಅದನ್ನು 10 ಡಾಲರಿನ ಆಸುಪಾಸಿಗೆ ಇಳಿಸಿತು. ಆ ಮೇಲೆ ನಮ್ಮಲ್ಲಿ ಮಸೂರದ ಪ್ರಶ್ನೆ ದುಡ್ಡಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಹಾಕಬಹುದು ಎಂದಾದಾಗ ಹಾಕಬೇಕೇ ಎಂಬುದು ನಿಜವಾದ ಪ್ರಶ್ನೆಯಾಯಿತು.

ಅದಕ್ಕೆ ಉತ್ತರ ಹುಡುಕಲು ಅಮೆರಿಕದ 12 ಕೇಂದ್ರಗಳಲ್ಲಿ ಸ್ಕಾಟ್ ಲ್ಯಾಂಬರ್ಟ್ ಅವರ ಮುಂದಾಳುತನದಲ್ಲಿ ಅಧ್ಯಯನವೊಂದು ನಡೆಯಿತು. 2004ರ ಡಿಸೆಂಬರಿನಿಂದ 2009ರ ಜನವರಿವರೆಗೆ, ಒಂದೇ ಕಣ್ಣಿನಲ್ಲಿ ಪೊರೆಯಿದ್ದ, ಏಳು ತಿಂಗಳು ತುಂಬದ 114 ಕೂಸುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 57 ಕೂಸುಗಳಿಗೆ ಕಣ್ಣಿನೊಳಗೆ ಮಸೂರ, 57ಕ್ಕೆ ಕಾಂಟ್ಯಾಕ್ಟ್ ಲೆನ್ಸ್. ನಾಲ್ಕೂವರೆ ವರ್ಷದಲ್ಲಿ ನೋಟ ಅಳೆದಾಗ ಎರಡು ಗುಂಪಿನ ಮಧ್ಯಾಂಕ ಒಂದೇ ಆಗಿತ್ತು. ಹತ್ತೂವರೆ ವರ್ಷದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ: ಎರಡೂ ಗುಂಪುಗಳಲ್ಲಿ ಸುಮಾರು ಕಾಲುಭಾಗ ಮಕ್ಕಳಿಗೆ ಆ ಕಣ್ಣಿನಲ್ಲಿ 6/12 ಅಥವಾ ಅದಕ್ಕಿಂತ ಒಳ್ಳೆಯ ನೋಟ, ಒಟ್ಟು ಮಕ್ಕಳಲ್ಲಿ ಶೇ. 44ರಷ್ಟು ಜನರಿಗೆ 6/60 ಅಥವಾ ಅದಕ್ಕಿಂತ ಕಡಿಮೆ. ವ್ಯತ್ಯಾಸ ಕಂಡದ್ದು ಮತ್ತೆ ಕಣ್ಣು ತೆರೆಯಬೇಕಾದ ಸಂದರ್ಭಗಳಲ್ಲಿ. ಮೊದಲ ವರ್ಷದಲ್ಲೇ ಮಸೂರ ಹಾಕಿದವರಲ್ಲಿ ಶೇ. 63 ಕೂಸುಗಳಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಯಿತು, ಕಾಂಟ್ಯಾಕ್ಟ್ ಲೆನ್ಸಿನವರಲ್ಲಿ ಶೇ. 12ಕ್ಕೆ. ಕಣ್ಣಿನೊಳಗೇ ಇದ್ದು ಎಚ್ಚರದ ಪ್ರತಿ ಗಳಿಗೆಯೂ ಕೆಲಸ ಮಾಡುವ ಮಸೂರ, ಜಾರಿ ಕಳೆದುಹೋಗುವ ಕಾಂಟ್ಯಾಕ್ಟ್ ಲೆನ್ಸಿಗಿಂತ ಒಳ್ಳೆಯ ನೋಟ ಕೊಟ್ಟೇ ಕೊಡುತ್ತದೆ ಎಂಬ ತರ್ಕ ಬಲು ನೇರವಾಗಿತ್ತು. ಮಕ್ಕಳ ಕಣ್ಣು ಅದನ್ನು ಒಪ್ಪಲಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೂ, ಎರಡೂ ಕಣ್ಣಿನ ಪೊರೆಯಲ್ಲಿ ಮಸೂರದಿಂದ ನೋಟ ಹೆಚ್ಚಲಿಲ್ಲ, ಕಣ್ಣಿನ ಒತ್ತಡ ಏರಿ ಬರುವ ಗ್ಲಾಕೋಮಾದಿಂದ ರಕ್ಷಣೆ ಸಿಗಲಿಲ್ಲ, ಮರುಶಸ್ತ್ರಚಿಕಿತ್ಸೆ ಮಾತ್ರ ಹೆಚ್ಚಿತು ಎಂದೇ ವರದಿ ಮಾಡಿತು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ತಾಯಿಗೆ ಕೈಗೆಟಕುವ ಕಾಂಟ್ಯಾಕ್ಟ್ ಲೆನ್ಸ್ ಯಾದಗಿರಿಯ ಹೊಲದಲ್ಲಿ ದುಡಿಯುವ ತಾಯಿಗೆ ಎಟಕುವುದೇ? ದೂಳು, ಸೆಕೆ, ನೀರಿನ ಅಭಾವ. ಮೂರು ತಿಂಗಳ ಕೂಸಿನ ಕಣ್ಣಿಗೆ ಬೆರಳಿನಿಂದ ಲೆನ್ಸ್ ಹಾಕಿ ತೆಗೆಯುವ ಕಷ್ಟ. ಕಳೆದುಹೋದರೆ ಇನ್ನೊಂದಕ್ಕೆ ಜಿಲ್ಲೆ ದಾಟಬೇಕಾದ ದಾರಿ. ಅಮೆರಿಕದ ಅಧ್ಯಯನ ಮಾಡಿದವರೂ, ಲೆನ್ಸಿನ ಖರ್ಚು ಮತ್ತು ನಿಭಾವಣೆ ಮನೆಯವರ ಕೈಮೀರಿದ್ದಾದರೆ ಮಸೂರ ಹಾಕಬಹುದೆಂದು ಬಾಗಿಲು ತೆರೆದೇ ಇಟ್ಟರು. ನಮ್ಮದೇ ನೆಲದ ಸಾಕ್ಷ್ಯವೂ ಇದೆ. ಅಹಮದಾಬಾದಿನಲ್ಲಿ ವಸಾವಡ ಮತ್ತು ಸಂಗಡಿಗರು, ಎರಡೂ ಕಣ್ಣಿನಲ್ಲಿ ಪೊರೆಯಿದ್ದ ಎರಡು ವರ್ಷದೊಳಗಿನ ಮಕ್ಕಳನ್ನು ಹೀಗೆಯೇ ಗುಂಪು ಮಾಡಿ ಐದು ವರ್ಷ ಹಿಂಬಾಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊನೆಯ ನೋಟ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಗ್ಲಾಕೋಮಾವೂ ಅಷ್ಟೇ. ಆದರೆ ಮಸೂರ ಹಾಕಿದ ಮಕ್ಕಳು ಬೇಗ ನೋಡಲು ಕಲಿತರು. ನುರಿತ ಕೈ ಇದ್ದಲ್ಲಿ ಮಸೂರ ಕೆಡುಕಲ್ಲ ಎಂಬುದಕ್ಕೆ ಇಷ್ಟು ಸಾಕು. ಆದ್ದರಿಂದ ನಮ್ಮ ವೈದ್ಯರು ಅಮೆರಿಕದ ಸಲಹೆಯನ್ನು ಅಕ್ಷರಶಃ ಪಾಲಿಸಬೇಕೆಂದು ನಾನು ವಾದಿಸುತ್ತಿಲ್ಲ. ಮಸೂರ ಹಾಕಿದರೆ ಮನೆಯವರು ಮತ್ತೆ ಮತ್ತೆ ಬರಬೇಕಾಗಿಲ್ಲ ಎಂಬ ಎಣಿಕೆ ಮಾತ್ರ ತಪ್ಪು ಎನ್ನುತ್ತೇನೆ. ಮಬ್ಬಾದ ಪಾಪೆಯನ್ನು ಮತ್ತೆ ತೆರೆಯಲು ಬರಬೇಕು, ಬೆಳೆದ ಕಣ್ಣಿಗೆ ಕನ್ನಡಕ ಬದಲಿಸಲು ಬರಬೇಕು, ಸದ್ದಿಲ್ಲದೆ ಬರುವ ಗ್ಲಾಕೋಮಾವನ್ನು ಹಿಡಿಯಲು ವರ್ಷವರ್ಷವೂ ಬರಬೇಕು. ಅಳುವ ಮಗುವಿನ ಒಳ್ಳೆಯ ಕಣ್ಣಿಗೆ ದಿನಕ್ಕೆ ಗಂಟೆಗಟ್ಟಲೆ ಪಟ್ಟಿ ಕಟ್ಟುವ ಕೆಲಸವನ್ನಂತೂ ಯಾವ ಮಸೂರವೂ ತಾಯಿಯ ಕೈಯಿಂದ ಇಳಿಸುವುದಿಲ್ಲ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು. ನರವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟುಪೊರೆಯಿಂದ ಕುರುಡಾಗಿ ಬೆಳೆದ ಮಕ್ಕಳನ್ನು ಹುಡುಕಿ, ಎಂಟು-ಹತ್ತು ವರ್ಷ ದಾಟಿದವರಿಗೂ ಶಸ್ತ್ರಚಿಕಿತ್ಸೆ ಮಾಡಿಸಿತು. ಅವರಲ್ಲಿ ಅನೇಕರು ಕ್ರಮೇಣ ವಸ್ತುಗಳನ್ನು ಗುರುತಿಸಿದರು, ಒಬ್ಬರೇ ಓಡಾಡಿದರು. ಹಾಗಾದರೆ ಆರು ವಾರದ ಗಡುವೇ ಸುಳ್ಳಲ್ಲವೇ? ಅಲ್ಲ. ಮಿದುಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ ಕಲಿಯುತ್ತದೆ ಎಂಬುದು ದೊಡ್ಡ ತಿಳಿವಳಿಕೆ, ಯಾವ ಮಗುವನ್ನೂ ತಡವಾಯಿತೆಂದು ವಾಪಸ್ಸು ಕಳಿಸಬಾರದು ಎನ್ನಲು ಅದು ಬಲವಾದ ಕಾರಣ. ಆದರೆ ಸಣ್ಣ ಅಕ್ಷರ ಓದುವಷ್ಟು ಹರಿತವಾದ ನೋಟ ಆ ಮಕ್ಕಳಿಗೆ ಬರಲಿಲ್ಲ. ತಡವಾಗಿ ಸಿಕ್ಕಿದ ನೋಟ ಬದುಕನ್ನು ಬದಲಿಸುತ್ತದೆ, ಕಳೆದ ವರ್ಷಗಳನ್ನು ಹಿಂತಿರುಗಿಸುವುದಿಲ್ಲ. ಚೆಸೆಲ್ಡನ್ನನ ಹುಡುಗ 1728ರಲ್ಲಿ ತೋರಿಸಿದ್ದೂ ಇದನ್ನೇ.

ಕಾಲದ ಮಾತು ಬಂದರೆ ಇನ್ನೂ ಹಿಂದಕ್ಕೆ, ಬಸುರಿನವರೆಗೆ ಹೋಗಬೇಕು. 1941ರಲ್ಲಿ ಸಿಡ್ನಿಯ ನಾರ್ಮನ್ ಗ್ರೆಗ್, ಪೊರೆಯೊಂದಿಗೆ ಹುಟ್ಟಿದ 78 ಕೂಸುಗಳ ಪ್ರಕರಣ ಕಲೆಹಾಕಿ, ಅವರ ತಾಯಂದಿರಲ್ಲಿ ಬಹುತೇಕರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತೆಂದು ತೋರಿಸಿದ. ರುಬೆಲ್ಲಾದ ಕಣ್ಣು ಪುಟ್ಟದು, ಉರಿಯೂತಕ್ಕೆ ಬೇಗ ಒಳಗಾಗುವಂಥದ್ದು, ಮಸೂರಕ್ಕೆ ಎಲ್ಲಕ್ಕಿಂತ ಕಷ್ಟದ ಕಣ್ಣು. ಹೃದಯ ಮತ್ತು ಕಿವಿಯ ದೋಷಗಳೂ ಜೊತೆಗಿರುವುದುಂಟು. ಮಧುರೆಯಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನ, ಒಂದು ವರ್ಷದೊಳಗಿನ ಪೊರೆಯ ಕೂಸುಗಳಲ್ಲಿ ಸುಮಾರು ಕಾಲುಭಾಗಕ್ಕೆ ಕಾರಣ ರುಬೆಲ್ಲಾ ಎಂದು ಕಂಡಿತು. ಗ್ರೆಗ್ ಎಚ್ಚರಿಸಿ ಮುಕ್ಕಾಲು ಶತಮಾನ ಕಳೆದ ಮೇಲೆ, 2017ರ ಫೆಬ್ರವರಿಯಲ್ಲಿ, ದಡಾರ-ರುಬೆಲ್ಲಾ ಲಸಿಕೆಯ ದೇಶವ್ಯಾಪಿ ಅಭಿಯಾನ ಬೆಂಗಳೂರಿನಲ್ಲಿ ಆರಂಭವಾಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಲಸಿಕೆ ಕೊಟ್ಟ ಮೊದಲ ಸುತ್ತಿನ ಐದು ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಹುಟ್ಟುಪೊರೆಯನ್ನು ಬೇಗ ಕಂಡುಹಿಡಿಯುವ ಕೆಲಸ 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಅದಕ್ಕೆ ಬೇಕಾದದ್ದು ಹೆರಿಗೆ ವಾರ್ಡಿನಲ್ಲಿ ದೀಪ ಆರಿಸಿ, ಸಣ್ಣ ಟಾರ್ಚಿನಂಥ ಉಪಕರಣದಿಂದ ಕೂಸಿನ ಎರಡೂ ಪಾಪೆಗೆ ಬೆಳಕು ಹಾಯಿಸುವುದು. ಆರೋಗ್ಯವಾದ ಪಾಪೆ ಕೆಂಪಗೆ ಹೊಳೆಯುತ್ತದೆ, ಪೊರೆಯಿದ್ದದ್ದು ಹೊಳೆಯುವುದಿಲ್ಲ. ಬಾಣಂತಿ ಮನೆಗೆ ಹೊರಡುವ ಮೊದಲು ಇದನ್ನು ನೋಡಿ ಮುಗಿಸಲು ಒಂದು ನಿಮಿಷವೂ ಬೇಡ.